ತುಂಬಿದ ಬಸ್ಸಿನಲ್ಲಿ ಸಿಟ್ಟು ನೆತ್ತಿಗೇರದ ಹಾಗೆ

ಹಾಸನ, ಬೇಲೂರು, ಚಿಕ್ಕಮಗಳೂರು ರೂಟಿನ ಸರ್ಕಾರಿ ಬಸ್ಸಿನಲ್ಲಿ ನಾನು ಕಂಡಕ್ಟರ್. ನನ್ನ ನಾದಿನಿಗೆ ಈಚೆಗೆ ಒಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಸಿಕ್ಕಿತು. ಸಂಜೆ ಮನೆಗೆ ಬರುವಾಗ ಮುಖ ಊದಿಸಿಕೊಂಡೇ ಬರುತ್ತಾಳೆ. "ಅತ್ತಿಗೆ, ದಿನಾ ಇಷ್ಟು ಜನರ ಹತ್ರ ಏಗ್ತೀರಲ್ಲ, ನಿಮಗೆ ಸಿಟ್ಟೇ ಬರಲ್ವಾ?" ಅಂದಳು. ಬರುತ್ತೆ ಕಣೇ, ಬರದೆ ಏನು! ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜನರ ಮುಂದೆ ಕೂತೋ ನಿಂತೋ ದುಡಿಯುವ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಸಿಟ್ಟು ಬಂದಾಗ ಹತ್ತರ ತನಕ ಎಣಿಸಿ ಅಂತಾರೆ. ತುಂಬಿದ ಬಸ್ಸಿನಲ್ಲಿ ಹತ್ತು ಎಣಿಸುವಷ್ಟರಲ್ಲಿ ಇಬ್ಬರು ಟಿಕೆಟ್ ತಗೊಳ್ಳದೆ ಇಳಿದು ಹೋಗಿರುತ್ತಾರೆ. ನಾನು ಬೇರೆ ದಾರಿ ಹಿಡಿದಿದ್ದೇನೆ. ಜಗಳ ದಿನಾ ಅದೇ ನಾಲ್ಕೈದು ಕಾರಣಕ್ಕೇ ಹುಟ್ಟುತ್ತದೆ. ಅವನ್ನು ಮೊದಲೇ ಗುರುತು ಮಾಡಿಟ್ಟುಕೊಂಡರೆ ಅರ್ಧಕ್ಕರ್ಧ ಸಿಟ್ಟು ಬರುವುದೇ ಇಲ್ಲ. ನಿಮ್ಮ ಕೆಲಸದಲ್ಲೂ ಅಂಥ ನಾಲ್ಕೈದು ಜಾಗ ಇದ್ದೇ ಇರುತ್ತವೆ. ಒಂದು ವಾರ ಸುಮ್ನೆ ಗಮನಿಸಿ, ಚೀಟಿಯಲ್ಲಿ ಬರೆದುಕೊಳ್ಳಿ.

ನನ್ನ ಪಟ್ಟಿಯಲ್ಲಿ ಮೊದಲನೆಯದು ಚಿಲ್ಲರೆ. ಟಿಕೆಟ್ 47 ರೂಪಾಯಿ ಅಂತಿಟ್ಟುಕೊಳ್ಳಿ. ಬೆಳಿಗ್ಗೆ ಮೊದಲ ಟ್ರಿಪ್ಪಿನಲ್ಲಿ ಹತ್ತಿದವರೆಲ್ಲ 500ರ ನೋಟು ಚಾಚುತ್ತಾರೆ. ಅವರ ಮೇಲೆ ರೇಗಿ ಪ್ರಯೋಜನ ಇಲ್ಲ, ಅವರ ಕೈಯಲ್ಲಿ ಇರುವುದೇ ಅದು. ಅದಕ್ಕೇ ಹಿಂದಿನ ಸಂಜೆಯೇ ಹೂವಿನ ಅಂಗಡಿಯಲ್ಲಿ, ಟೀ ಅಂಗಡಿಯಲ್ಲಿ ಹತ್ತು, ಇಪ್ಪತ್ತರ ನೋಟು ಮಾಡಿಸಿಕೊಂಡು ಬರುತ್ತೇನೆ. ಕೆಲವರು ನಗುತ್ತಾರೆ, ಇದು ನಿನ್ನ ಕೆಲಸವಾ ಅಂತ. ಅಲ್ಲ. ಆದರೆ ಬೆಳಗಿನ ಜಗಳಕ್ಕಿಂತ ಸಂಜೆಯ ಓಡಾಟ ಅಗ್ಗ. ಅಷ್ಟಾದರೂ ಸಾಲದಾದಾಗ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತೇವೆ, ನಿಮಗೂ ಗೊತ್ತಿರಬೇಕು. ಕಿರಿಕ್ ಆಗುವುದು ಇಲ್ಲೇ. ಇಳಿಯುವ ಹೊತ್ತಿಗೆ ಅವರಿಗೂ ಮರೆತಿರುತ್ತದೆ, ನಮಗೂ ಮರೆತಿರುತ್ತದೆ. ಆಮೇಲೆ "ಕಂಡಕ್ಟರು ದುಡ್ಡು ಹೊಡೆದ್ರು" ಅನ್ನುವ ಮಾತು. ಹಾಗಾಗಿ ದಾರಿಯಲ್ಲಿ ಸಿಗುವ ಹಗರೆ ಊರು ಬರುವುದಕ್ಕೆ ಒಂದು ಸ್ಟೇಜ್ ಮುಂಚೆಯೇ ಕೂಗಿಬಿಡುತ್ತೇನೆ: "ಹಗರೆಯವರು, ಹಿಂದೆ ಬರೆದಿರೋ ಟಿಕೆಟ್ ತೋರಿಸಿ, ಚಿಲ್ಲರೆ ಇಸ್ಕೊಳ್ಳಿ." ಕೇಳಿದ ಮೇಲೆ ಕೊಡುವುದಕ್ಕೂ ನಾವೇ ಕರೆದು ಕೊಡುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಒಂದು ಸಲ ನಾವೇ ಕರೆದು ಕೊಟ್ಟರೆ ಅವರ ಹತ್ತಿರ ಆಮೇಲೆ ಜಗಳವೇ ಬರುವುದಿಲ್ಲ, ನೋಡಿ ಬೇಕಾದರೆ. ಯುಪಿಐ ಆದರೆ ಬಸ್ಸು ಸ್ಟ್ಯಾಂಡ್ ಬಿಡುವ ಮುಂಚೆಯೇ ಸ್ಕ್ಯಾನ್ ಮಾಡಿಸಿಬಿಡಿ. ದಾರಿಯಲ್ಲಿ ನೆಟ್‌ವರ್ಕ್ ಹೋದರೆ "ಹೋಯ್ತು ಮೇಡಂ", "ಬಂದಿಲ್ಲ ಸಾರ್" ಶುರುವಾಗುತ್ತೆ.

ಎರಡನೆಯದು ದನಿ. ಇಂಜಿನ್ ಸದ್ದಿಗೆ ಎಲ್ಲರೂ ಕೂಗಿಯೇ ಮಾತಾಡಬೇಕು. ಕೂಗಿದ್ದು ಕೇಳಿಸಲಿ ಅಂತಲೋ, ಜಗಳಕ್ಕೋ, ಎದುರಿನವರಿಗೆ ತಿಳಿಯುವುದಿಲ್ಲ. ಅವರೂ ಕೂಗುತ್ತಾರೆ, ಇಬ್ಬರಿಗೂ ಬಿಸಿ ಏರುತ್ತದೆ. ಸಣ್ಣ ತಕರಾರು ಇದ್ದರೂ ಬಾಗಿಲ ಹತ್ತಿರ ನಿಂತು ಹೇಳಬೇಡಿ. ಅವರ ಸೀಟಿನ ಹತ್ತಿರ ಹೋಗಿ, ಬಗ್ಗಿ, ಕಿವಿಗೆ ಕೇಳುವಷ್ಟೇ ಹೇಳಿ. ಇನ್ನೂ ಒಂದು ಲಾಭ ಇದೆ. ಐವತ್ತು ಜನ ನೋಡುತ್ತಿದ್ದರೆ ತಪ್ಪು ತನ್ನದೇ ಅಂತ ಗೊತ್ತಿದ್ದವನೂ ಸೋಲುವುದಿಲ್ಲ. ನಾಟಕಕ್ಕೆ ನೋಡುವವರು ಇಲ್ಲ ಅಂದರೆ ಪಾತ್ರಧಾರಿ ಬೇಗ ಬಣ್ಣ ತೊಳೆದುಕೊಳ್ಳುತ್ತಾನೆ.

ಕೆಲವರು ಬಂದ ಕೂಡಲೇ ಏಕವಚನಕ್ಕೆ ಇಳಿಯುತ್ತಾರೆ. "ಏಯ್, ನಿಲ್ಸೇ ಬಸ್ಸು" ಅಂತ. ನಾನು "ನೀವು" ಬಿಡುವುದಿಲ್ಲ. ಒಳ್ಳೆಯತನ ಅಂತ ಅಲ್ಲ, ಲೆಕ್ಕಾಚಾರ. ನಾನೂ "ನೀನು" ಅಂದರೆ ಜಗಳ ಟಿಕೆಟ್ಟಿನಿಂದ ಮರ್ಯಾದೆಗೆ ಹೋಗುತ್ತದೆ, ಆಮೇಲೆ ಚಿಕ್ಕಮಗಳೂರು ಬಂದರೂ ಮುಗಿಯುವುದಿಲ್ಲ. ನಾನು ಬಹುವಚನದಲ್ಲೇ ಇದ್ದರೆ ಪಕ್ಕದ ಸೀಟಿನವರೇ ಹೇಳುತ್ತಾರೆ, "ಮರ್ಯಾದೆಯಾಗಿ ಮಾತಾಡ್ರೀ, ಹೆಣ್ಮಗಳು" ಅಂತ. ಹೆಣ್ಮಗಳು ಅಲ್ಲದಿದ್ದರೆ ಏನು ಮಾಡ್ತಿದ್ರೋ, ಅದು ಬೇರೆ ಮಾತು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ನನ್ನ ಪಟ್ಟಿಗೆ ಹೊಸದೊಂದು ಸೇರಿತು. ಹೆಂಗಸರಿಗೆ ಟಿಕೆಟ್ ಫ್ರೀ, ಆದರೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು, ನಾವು ಸೊನ್ನೆ ಟಿಕೆಟ್ ಕೊಡಬೇಕು. ಅಜ್ಜಿ ಒಬ್ಬರು ಸೆರಗಿನ ಗಂಟು ಬಿಚ್ಚಿ, ಅದರೊಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿ, ಅದರೊಳಗಿನ ಪರ್ಸಿನಿಂದ ಆಧಾರ್ ತೆಗೆಯುವಷ್ಟರಲ್ಲಿ ಹಿಂದಿನವರು ಗೊಣಗುತ್ತಿರುತ್ತಾರೆ. ಇಂಥ ಕಡೆ ಅಲ್ಲೇ ಕಾಯುತ್ತಾ ನಿಂತರೆ ನಮ್ಮ ಮುಖದಲ್ಲೂ ಗೊಣಗಾಟ ಕಾಣುತ್ತದೆ. "ತೆಗೆದಿಟ್ಕೊಳ್ಳಿ ಅಜ್ಜಿ, ಹಿಂದೆ ಹೋಗಿ ಬರ್ತೀನಿ" ಅಂದು ಮುಂದಿನ ಸೀಟಿಗೆ ಹೋಗಿ. ಕಾಯುವುದು ತಪ್ಪದು ಅಂತ ಗೊತ್ತಾದರೆ ಆ ಹೊತ್ತನ್ನು ಬೇರೆ ಕೆಲಸಕ್ಕೆ ಹಾಕಿ.

ಅರ್ಧ ಟಿಕೆಟ್ಟಿನದು ಸ್ವಲ್ಪ ಸೂಕ್ಷ್ಮ. ಆರು ವರ್ಷ ದಾಟಿದ ಮಕ್ಕಳಿಗೆ ಅರ್ಧ ಟಿಕೆಟ್. ಅಕ್ಕನಿಗೆ ಸೊನ್ನೆ ಟಿಕೆಟ್, ತಮ್ಮನಿಗೆ ದುಡ್ಡು. ಅಮ್ಮ "ಇನ್ನೂ ಐದು" ಅನ್ನುತ್ತಾಳೆ, ಹುಡುಗನ ಬೆನ್ನಲ್ಲಿ ಸ್ಕೂಲ್ ಬ್ಯಾಗು, ಬಾಯಲ್ಲಿ ಎರಡು ಹಲ್ಲು ಬಿದ್ದಿರುತ್ತವೆ. "ಯಾವ ಕ್ಲಾಸ್ ಪುಟ್ಟಾ?" ಅಂತ ಮಗುವನ್ನೇ ಕೇಳಿಬಿಡುವುದು ನಮ್ಮಲ್ಲಿ ಹಳೆಯ ಉಪಾಯ. ಮಗು "ಎರಡನೇ ಕ್ಲಾಸ್" ಅನ್ನುತ್ತದೆ, ಬಸ್ಸೆಲ್ಲ ನಗುತ್ತದೆ, ದುಡ್ಡು ಬರುತ್ತದೆ. ನನಗೆ ಅದು ಸರಿ ಕಾಣುವುದಿಲ್ಲ. ನಕ್ಕ ಜನ ಇಳಿದು ಹೋಗುತ್ತಾರೆ, ನಿಜ ಹೇಳಿದ್ದಕ್ಕೆ ಪೆಟ್ಟು ತಿನ್ನುವುದು ಆ ಮಗು. ನಾನು ತಾಯಿಯ ಹತ್ತಿರವೇ ಹೇಳುತ್ತೇನೆ: "ಅಕ್ಕಾ, ಚೆಕಿಂಗ್ ಬಂದ್ರೆ ಇಬ್ಬರಿಗೂ ತೊಂದರೆ, ಒಂದು ಅರ್ಧ ಟಿಕೆಟ್ ಕೊಡ್ತೀನಿ." ಚೆಕಿಂಗ್ ನಿಜವಾಗಿಯೂ ಬರುತ್ತದೆ, ಸುಳ್ಳೇನೂ ಅಲ್ಲ. ಸುಳ್ಳು ಅಂತ ಬಾಯಿಬಿಟ್ಟು ಹೇಳದೆ, ಅವರೇ ಹಿಂದೆ ಸರಿಯುವುದಕ್ಕೆ ಒಂದು ದಾರಿ ತೋರಿಸಿದರೆ ಹೆಚ್ಚಿನವರು ಸರಿಯುತ್ತಾರೆ.

ಇಷ್ಟೆಲ್ಲ ಮಾಡಿದರೂ ಕೆಲವು ದಿನ ಜಗಳ ಆಗಿಯೇ ಆಗುತ್ತದೆ. ಆಗ ಆ ಬಿಸಿ ಮುಂದಿನ ಸೀಟಿನವರ ಮೇಲೆ ಬೀಳದ ಹಾಗೆ ನೋಡಿಕೊಳ್ಳಬೇಕು. ಕೈಗೆ ಕೆಲಸ ಕೊಡುವುದು ನನ್ನ ಉಪಾಯ. ನೋಟುಗಳನ್ನು ಒಂದೇ ಮುಖಕ್ಕೆ ಜೋಡಿಸುತ್ತೇನೆ, ವೇ ಬಿಲ್, ಅಂದರೆ ಟ್ರಿಪ್ಪಿನ ಟಿಕೆಟ್ ಲೆಕ್ಕದ ಹಾಳೆ, ಬರೆಯುತ್ತೇನೆ. ಎಣಿಸುವಾಗ ಬಯ್ಯುವುದಕ್ಕೆ ಆಗುವುದಿಲ್ಲ, ಲೆಕ್ಕ ತಪ್ಪಿದರೆ ಕೈಯಿಂದ ಕಟ್ಟಬೇಕಲ್ಲ! ನಾದಿನಿಗೆ ಬಿಲ್ಲಿನ ಕಾಪಿಗಳನ್ನು ಪಿನ್ ಮಾಡು ಅಂದಿದ್ದೇನೆ.

ಊಟದ ಮಾತನ್ನು ಯಾರೂ ಹೇಳುವುದಿಲ್ಲ. ಹೊಟ್ಟೆ ಖಾಲಿ ಇದ್ದಾಗ ನಾನು ಕೆಟ್ಟ ಮನುಷ್ಯಳು. ಶೌಚಾಲಯದ ಚಿಂತೆಗೆ ನಮ್ಮ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ, ಮಧ್ಯಾಹ್ನಕ್ಕೆ ತಲೆ ಸಿಡಿಯುತ್ತದೆ, ಆಮೇಲೆ ಎದುರಿಗೆ ಬಂದವರಿಗೆಲ್ಲ ಬೈಗುಳ. ಬೇಲೂರಿನಲ್ಲಿ ಬಸ್ಸು ನಿಂತಾಗ ನೀರು, ಎರಡು ತುತ್ತು ಚಿತ್ರಾನ್ನ. ಡ್ರೈವರ್ ಅಣ್ಣ ಹಾರ್ನ್ ಹೊಡೆದರೂ ಏಳುವುದಿಲ್ಲ.

ಕೊನೆಗೆ, ತಾಳ್ಮೆ ತೋರಿಸಬಾರದ ಕಡೆಯೂ ಇದೆ. ಕುಡಿದು ಬಂದು ಹುಡುಗಿಯರ ಮೈಮೇಲೆ ಬೀಳುವವನ ಹತ್ತಿರ ಬಗ್ಗಿ, ಮೆತ್ತಗೆ ಮಾತಾಡಬೇಡಿ. ಅಲ್ಲಿ ಎಲ್ಲರಿಗೂ ಕೇಳುವ ಹಾಗೆ ಕೂಗಿ, ಹುಡುಗಿಯನ್ನು ಎಬ್ಬಿಸಿ ಮುಂದಿನ ಸೀಟಿಗೆ ಕಳಿಸಿ. ಕೈ ಎತ್ತಿದರೆ ಡ್ರೈವರಿಗೆ ಸೀಟಿ ಹೊಡೆದು ಬಸ್ಸು ನಿಲ್ಲಿಸಿ, 112ಕ್ಕೆ ಫೋನ್ ಮಾಡಿ. ಹತ್ತಿರ ಠಾಣೆ ಇದ್ದರೆ ಬಸ್ಸನ್ನು ನೇರ ಅಲ್ಲಿಗೇ ಬಿಡಿಸಿ. "ನಮಗೆ ಲೇಟಾಗುತ್ತೆ, ಇಳಿಸಿಬಿಡಿ ಸಾಕು" ಅನ್ನುವವರು ಇರುತ್ತಾರೆ. ಅವನನ್ನು ಇಳಿಸಿದರೆ ಹಿಂದೆ ಬರುವ ಬಸ್ಸಿಗೆ ಹತ್ತುತ್ತಾನೆ, ಅದರಲ್ಲೂ ಹುಡುಗಿಯರು ಇರುತ್ತಾರೆ ಅಂತ ಅವರಿಗೆ ಹೇಳಿ.