ಹಳೇ ಸೈಕಲ್‌ಗೆ ವಯಸ್ಸೆಷ್ಟು? ಬಣ್ಣ ಹೊಡೆಸುವ ಮೊದಲು ನೋಡಿ

ಮೈಸೂರು, ಮಂಡ್ಯ ಕಡೆ ಅಟ್ಟದ ಮೇಲೆ, ಕೊಟ್ಟಿಗೆಯಲ್ಲಿ, ಗುಜರಿ ಅಂಗಡಿಯ ಮೂಲೆಯಲ್ಲಿ ಈಗಲೂ ಹಳೇ ಸೈಕಲ್‌ಗಳು ಸಿಗುತ್ತವೆ. ಸಿಕ್ಕ ಕೂಡಲೇ ಜನ ಅದನ್ನು ಪೇಂಟ್ ಅಂಗಡಿಗೆ ಸಾಗಿಸುತ್ತಾರೆ. ಮರಳು ಬ್ಲಾಸ್ಟಿಂಗ್ ಮಾಡಿಸಿ, ಕಪ್ಪು ಬಣ್ಣ ಹೊಡೆಸಿ, ಚಿನ್ನದ ಗೆರೆ ಎಳೆಸಿ ಹಾಲ್‌ನಲ್ಲಿ ನಿಲ್ಲಿಸುತ್ತಾರೆ. ಆಮೇಲೆ ‘ಇದು ಯಾವ ಇಸವಿದು?’ ಅಂತ ಕೇಳುತ್ತಾರೆ. ಅಷ್ಟೊತ್ತಿಗೆ ಇಸವಿ ಹೇಳಬೇಕಿದ್ದ ಗುರುತುಗಳೆಲ್ಲ ಮರಳಿನ ಜೊತೆಗೇ ಹೋಗಿರುತ್ತವೆ. ಇದನ್ನು ನೋಡಿ ನೋಡಿ ಬೇಜಾರಾಗಿದೆ. ಮೊದಲು ನೋಡಿ, ಓದಿ, ಬರೆದಿಡಿ. ಬಣ್ಣದ ಮಾತು ಕೊನೆಗೆ.

ಮೊದಲ ಕೆಲಸ: ಫೋಟೊ

ಧೂಳು ಒರೆಸುವುದಕ್ಕೂ ಮುಂಚೆ ಎರಡೂ ಕಡೆಯಿಂದ ಫೋಟೊ ತೆಗೆಯಿರಿ. ಚೈನ್ ವೀಲ್ (ಪೆಡಲ್ ಜೊತೆ ತಿರುಗುವ ಹಲ್ಲಿನ ಚಕ್ರ), ಹ್ಯಾಂಡಲ್ ಕೆಳಗಿನ ಲಾಂಛನ, ಸೀಟು, ಎರಡೂ ಹಬ್ (ಕಡ್ಡಿಗಳು ಬಂದು ಸೇರುವ ಚಕ್ರದ ನಡುಭಾಗ), ಇವುಗಳನ್ನು ಹತ್ತಿರದಿಂದ ತೆಗೆಯಿರಿ. ಅಷ್ಟು ಸಾಕು.

ಮೋಸ ಮಾಡುವ ಗುರುತುಗಳು

‘ರಾಡ್ ಬ್ರೇಕ್ ಇದೆ ಸಾರ್, ಇಂಗ್ಲೆಂಡ್ ಗಾಡಿ’ ಅಂತ ಮಾರುವವರು ಹೇಳುತ್ತಾರೆ. ನಂಬಬೇಡಿ. ರಾಡ್ ಬ್ರೇಕ್ ಸೈಕಲ್ ನಮ್ಮ ದೇಶದಲ್ಲೂ ದಶಕಗಟ್ಟಲೆ ತಯಾರಾಗಿದೆ. ಮುಂದೆ 32, ಹಿಂದೆ 40 ಕಡ್ಡಿ ಇರುವುದೂ ಸಾಕ್ಷಿ ಅಲ್ಲ. ಅದು ಬ್ರಿಟಿಷ್ ಪದ್ಧತಿ ನಿಜ, ಆದರೆ ಇಲ್ಲಿನ ಕಾರ್ಖಾನೆಗಳೂ ಅದನ್ನೇ ಮುಂದುವರಿಸಿದವು. 28 ಇಂಚಿನ ಚಕ್ರದ ಕಥೆಯೂ ಅದೇ. ಇನ್ನು ಟೈರು, ಪೆಡಲು, ಬೆಲ್ಲು, ಕ್ಯಾರಿಯರ್ರು ಎಷ್ಟು ಸಲ ಬದಲಾಗಿರುತ್ತವೋ ಲೆಕ್ಕವಿಲ್ಲ. ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತು ದುಡಿದ ಗಾಡಿಗಳಿವು, ಅಲ್ವಾ?

ಯಾರು ಮಾಡಿದ್ದು?

ನಾನು ಮೊದಲು ನೋಡುವುದು ಚೈನ್ ವೀಲ್. ಹಳೇ ಕಂಪನಿಗಳು ತಮ್ಮ ಗುರುತನ್ನು ಅದರಲ್ಲೇ ಕತ್ತರಿಸುತ್ತಿದ್ದವು. ರ‍್ಯಾಲಿಯಲ್ಲಿ ಕೊಕ್ಕರೆಯ ತಲೆ. ಹಂಬರ್‌ನಲ್ಲಿ ಸುತ್ತ ಐದು ಮನುಷ್ಯಾಕೃತಿ. ರಡ್ಜ್‌ನಲ್ಲಿ ಅಂಗೈ. ಬಿಎಸ್‌ಎ ಗಾಡಿಯ ಗುರುತು ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ಬಂದೂಕು. ಆ ಕಂಪನಿ ಮೂಲತಃ ಬರ್ಮಿಂಗ್‌ಹ್ಯಾಮ್‌ನ ಬಂದೂಕು ಕಾರ್ಖಾನೆ, ಅದಕ್ಕೆ. ಹಂಬರ್‌ನ ಕೆಲವು ಮಾದರಿಗಳಲ್ಲಿ ಮುಂದಿನ ಫೋರ್ಕ್ ಕೂಡ ಬೇರೆ ಥರ. ಒಂದೊಂದು ಕಡೆಗೂ ಎರಡೆರಡು ಕೊಳವೆ ಇರುತ್ತವೆ.

ಲಾಂಛನವೊಂದನ್ನೇ ನೆಚ್ಚಿಕೊಳ್ಳಬೇಡಿ. ಹೊಸದಾಗಿ ಅಚ್ಚು ಹೊಡೆದ ಹಿತ್ತಾಳೆ ಲಾಂಛನಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಅಕ್ಷರದ ಅಂಚು ಮೊಂಡಾಗಿದ್ದು, ರಿವೆಟ್ ಹೊಳೆಯುತ್ತಿದ್ದರೆ ಅನುಮಾನ ಪಡಿ.

ಎಲ್ಲಿ ಮಾಡಿದ್ದು?

ಜಾಸ್ತಿ ಜನ ಎಡವುವುದು ಇಲ್ಲೇ. ಹೆಸರು ಇಂಗ್ಲೆಂಡಿನದು ಅಂದ ಮಾತ್ರಕ್ಕೆ ಗಾಡಿ ಅಲ್ಲಿಂದ ಬಂದಿರಬೇಕಿಲ್ಲ. ಮದ್ರಾಸಿನ ಅಂಬತ್ತೂರಿನ ಟಿಐ ಸೈಕಲ್ಸ್ ಶುರುವಾದದ್ದು 1949ರಲ್ಲಿ. ಹರ್ಕ್ಯುಲಿಸ್ ಅಲ್ಲಿ ತಯಾರಾಯಿತು, ಮುಂದೆ ಬಿಎಸ್‌ಎ, ಫಿಲಿಪ್ಸ್ ಕೂಡ. ರ‍್ಯಾಲಿ ಮತ್ತು ಹಂಬರ್‌ಗಳನ್ನು ಬಂಗಾಳದ ಅಸನ್ಸೋಲ್ ಹತ್ತಿರ ಸೆನ್-ರ‍್ಯಾಲಿ ಕಂಪನಿ ಮಾಡುತ್ತಿತ್ತು. ಲಾಂಛನದ ಕೆಳಗಿನ ಸಣ್ಣ ಅಕ್ಷರ, ಸೀಟ್ ಪೈಪ್ ಮೇಲಿನ ಸ್ಟಿಕ್ಕರ್, ಇವನ್ನು ಭೂತಗನ್ನಡಿ ಹಿಡಿದು ಓದಿ. ನಾಟಿಂಗ್‌ಹ್ಯಾಮ್, ಬರ್ಮಿಂಗ್‌ಹ್ಯಾಮ್ ಅಂತ ಇದ್ದರೆ ಒಂದು ಲೆಕ್ಕ, ಮದ್ರಾಸ್ ಅಂತ ಇದ್ದರೆ ಇನ್ನೊಂದು. ಬಿಎಸ್‌ಎ ತನ್ನ ಸೈಕಲ್ ವ್ಯವಹಾರವನ್ನು ರ‍್ಯಾಲಿಗೆ ಮಾರಿದ್ದು 1957ರಲ್ಲಿ. ಹಾಗಾಗಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಿಎಸ್‌ಎ ತಾನೇ ಮಾಡಿದ ಗಾಡಿ ಅನ್ನುವುದು ಖಚಿತವಾದರೆ ಅದು ಆ ಮಾರಾಟಕ್ಕಿಂತ ಹಿಂದಿನದು.

ಭಾರತದ್ದು ಅಂತ ಗೊತ್ತಾದರೆ ಮುಖ ಸಣ್ಣ ಮಾಡಿಕೊಳ್ಳಬೇಡಿ. 1950ರ ದಶಕದ ಒಳ್ಳೇ ಸ್ಥಿತಿಯ ಮದ್ರಾಸ್ ಹರ್ಕ್ಯುಲಿಸ್ ಜೋಪಾನ ಮಾಡಲೇಬೇಕಾದ ಗಾಡಿ.

ನಂಬರ್ ಓದುವುದು

ಈ ಕೆಲಸಕ್ಕೆ ಒಂದು ರಾತ್ರಿ, ಮಾರನೇ ಬೆಳಗ್ಗೆ ಪೂರ್ತಿ ಇಟ್ಟುಕೊಳ್ಳಿ. ಫ್ರೇಮ್ ನಂಬರ್ ಸಾಮಾನ್ಯವಾಗಿ ಮೂರು ಜಾಗದಲ್ಲಿರುತ್ತದೆ: ಸೀಟಿನ ಕಂಬಿ ಇಳಿಯುವ ಜಾಯಿಂಟ್ ಮೇಲೆ, ಪೆಡಲ್ ಆಕ್ಸಲ್ ಕೂರುವ ದಪ್ಪ ಕೊಳವೆಯ ಅಡಿಯಲ್ಲಿ, ಇಲ್ಲವೇ ಹಿಂದಿನ ಚಕ್ರ ಸಿಕ್ಕಿಸುವ ಪಟ್ಟಿಯ ಮೇಲೆ. ಸೀಟು ಬಿಚ್ಚಿ, ಸೈಕಲ್ಲನ್ನು ಗೋಣಿಚೀಲದ ಮೇಲೆ ತಲೆಕೆಳಗು ಮಾಡಿ.

ಸ್ಯಾಂಡ್‌ಪೇಪರ್ ಮುಟ್ಟಬೇಡಿ. ಗ್ರೈಂಡರ್‌ಗೆ ತಂತಿ ಬ್ರಷ್ ಹಾಕಿ ಉಜ್ಜುವುದಂತೂ ಬೇಡವೇ ಬೇಡ. ನಂಬರ್ ಕೊರೆದ ಆಳ ಬಹಳ ಕಡಿಮೆ, ಎರಡು ನಿಮಿಷದಲ್ಲಿ ಅಳಿಸಿಹೋಗುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್ ಹಾಕುವವರೂ ಇದ್ದಾರೆ. ಅದು ತುಕ್ಕಿನ ಜೊತೆ ಕಬ್ಬಿಣವನ್ನೂ ತಿನ್ನುತ್ತದೆ. ಥಿನ್ನರ್ ಹಾಕಿದರೆ ಹಳೇ ಸ್ಟಿಕ್ಕರ್, ಕೈಯಲ್ಲಿ ಎಳೆದ ಚಿನ್ನದ ಗೆರೆ ಎಲ್ಲ ಕರಗಿಹೋಗುತ್ತವೆ.

ಬೇಕಾದದ್ದು ಸೀಮೆಎಣ್ಣೆ, ಹಳೇ ಹಲ್ಲುಜ್ಜುವ ಬ್ರಷ್, ಹತ್ತಿ ಬಟ್ಟೆ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಆದೀತು. ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ನಂಬರ್ ಇರುವ ಜಾಗಕ್ಕೆ ಸುತ್ತಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಗ್ರೀಸು, ಮಣ್ಣು ಎಲ್ಲ ಮೆತ್ತಗಾಗಿರುತ್ತದೆ. ಬ್ರಷ್‌ನಿಂದ ಒಂದೇ ದಿಕ್ಕಿಗೆ ನಿಧಾನ ಎಳೆಯಿರಿ. ತುಕ್ಕು ಗಟ್ಟಿಯಾಗಿದ್ದರೆ ಹಿತ್ತಾಳೆ ತಂತಿಯ ಸಣ್ಣ ಬ್ರಷ್ ಬಳಸಿ, ಅದೂ ಹಗುರ ಕೈಯಲ್ಲಿ. ಎಣ್ಣೆ ಪೂರ್ತಿ ಒರೆಸಿ ಒಣಗಿಸಿ.

ಈಗ ಸೀಮೆಸುಣ್ಣವನ್ನು ಅಡ್ಡ ಹಿಡಿದು ಆ ಜಾಗಕ್ಕೆ ಉಜ್ಜಿ, ಬೆರಳಿನಿಂದ ಮೇಲ್ಮೇಲೆ ಒರೆಸಿ. ಕೊರೆದ ಗೆರೆಯಲ್ಲಿ ಪುಡಿ ನಿಲ್ಲುತ್ತದೆ, ಉಳಿದ ಕಡೆ ಹೋಗುತ್ತದೆ. ವಿಭೂತಿಯೂ ನಡೆಯುತ್ತದೆ. ಕೋಣೆಯ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಲೋಹಕ್ಕೆ ತಾಗಿದಂತೆ ಅಡ್ಡಡ್ಡ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಅಂಕಿಗೆ ಆಗ ನೆರಳು ಬಂದು ಎದ್ದು ಕಾಣುತ್ತದೆ. ಬೆಳಕಿನ ದಿಕ್ಕು ಬದಲಿಸುತ್ತಾ ನಾಲ್ಕು ಕಡೆಯಿಂದ ನೋಡಿ. 3 ಮತ್ತು 8, 1 ಮತ್ತು 7 ಕೈಕೊಡುವುದು ಇಲ್ಲೇ. ಸೈಕಲ್ ತಲೆಕೆಳಗಾಗಿರುವುದರಿಂದ 6 ಮತ್ತು 9 ಕೂಡ ಅದಲುಬದಲಾಗುತ್ತವೆ. ಪಕ್ಕದ 4 ಅಥವಾ ಇಂಗ್ಲಿಷ್ ಅಕ್ಷರ ಯಾವ ಕಡೆ ತಿರುಗಿದೆ ನೋಡಿಕೊಂಡು ಓದಿ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ನಂಬರ್ ಬೇಕಂತಲೇ ಉಜ್ಜಿ ತೆಗೆದ ಹಾಗೆ ಕಂಡರೆ ಆ ಸೈಕಲ್ ಕೊಳ್ಳಬೇಡಿ.

ನಂಬರ್ ಸಿಕ್ಕಿತು ಅಂತ ಆತುರದಲ್ಲಿ ಇಸವಿ ಹೇಳಬೇಡಿ. ರ‍್ಯಾಲಿಯಂಥ ದೊಡ್ಡ ಕಂಪನಿಯಲ್ಲೂ ನಂಬರುಗಳು ಒಂದೇ ಸಾಲಿನಲ್ಲಿ ಏರುತ್ತಾ ಹೋಗಿಲ್ಲ. ಬ್ರಿಟನ್ನಿನ ವೆಟರನ್-ಸೈಕಲ್ ಕ್ಲಬ್ 1955ರಿಂದ ಇದೆ. ಇಂಗ್ಲೆಂಡಿನ ಗಾಡಿ ಆಗಿದ್ದರೆ ಅಲ್ಲಿ ಕೇಳುವುದು ವಾಸಿ.

ಹಬ್‌ನಲ್ಲಿ ಇಸವಿ

ಹಿಂದಿನ ಚಕ್ರದಲ್ಲಿ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಹಬ್ ಇದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಹಬ್ ಮೇಲೇ ಇಸವಿ, ತಿಂಗಳು ಒತ್ತಿರುತ್ತಾರೆ. ಎಡಬ್ಲ್ಯು (AW) ಅಂತ ಮಾದರಿಯ ಹೆಸರಿದ್ದು ಪಕ್ಕದಲ್ಲಿ 56, 8 ಅಂತಿದ್ದರೆ 1956ರ ಆಗಸ್ಟ್. ಹಳೇ ಪಂಚೆಯ ಉದ್ದ ತುಂಡನ್ನು ಕಡ್ಡಿಗಳ ನಡುವೆ ತೂರಿಸಿ, ಎರಡೂ ತುದಿ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆದರೆ ಹಬ್ ಸ್ವಚ್ಛವಾಗುತ್ತದೆ. ಆದರೆ ಇದು ಹಬ್‌ನ ಇಸವಿ. ಚಕ್ರ ಬೇರೆ ಗಾಡಿಯಿಂದ ಬಂದಿರಬಹುದು.

ತಾಳೆ ನೋಡುವುದು

ಹ್ಯಾಂಡಲ್ ಹೊಳಪು ನೋಡಿ. ಹಳದಿ ಛಾಯೆಯ ಮಂಕು ಹೊಳಪಾದರೆ ನಿಕಲ್, ನೀಲಿ ಛಾಯೆಯ ಕನ್ನಡಿ ಹೊಳಪಾದರೆ ಕ್ರೋಮ್. ಸೈಕಲ್‌ಗೆ ಕ್ರೋಮ್ ಬಂದದ್ದು 1920ರ ದಶಕದ ಕೊನೆಯಲ್ಲಿ. ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಹೊಳೆಯಬೇಕಾದ ಭಾಗಕ್ಕೂ ಕಪ್ಪು ಬಣ್ಣವೇ. ಹಿಂದೆ ನಗರಸಭೆ, ಪುರಸಭೆಗಳು ಕೊಡುತ್ತಿದ್ದ ಸೈಕಲ್ ಲೈಸೆನ್ಸ್ ಬಿಲ್ಲೆ ಇನ್ನೂ ಅಂಟಿಕೊಂಡಿದ್ದರೆ ದಯವಿಟ್ಟು ಕೀಳಬೇಡಿ. ಅದರ ಮೇಲೆ ಇಸವಿ ಇದ್ದರೆ, ಆ ಹೊತ್ತಿಗೆ ಗಾಡಿ ರಸ್ತೆಯಲ್ಲಿತ್ತು ಅನ್ನುವುದಕ್ಕೆ ಅದು ಒಳ್ಳೇ ಸಾಕ್ಷಿ.

ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ‘1950ರಿಂದ 57ರ ನಡುವೆ’ ಅನ್ನುವ ಥರ ಇಸವಿ ಹಾಕಿ. ಒಂದೇ ಇಸವಿ ಹೇಳಬೇಕು ಅನ್ನುವ ಹಟ ಬೇಡ.

ಇಷ್ಟಾದ ಮೇಲೂ ಬಣ್ಣ ಬೇಕೇ ಬೇಕು ಅನ್ನಿಸಿದರೆ ಪೌಡರ್ ಕೋಟಿಂಗ್ ಮಾತ್ರ ಮಾಡಿಸಬೇಡಿ. ಆ ದಪ್ಪ ಪದರ ನಂಬರಿನೊಳಗೆ ತುಂಬಿಕೊಳ್ಳುತ್ತದೆ. ಬ್ರಷ್ ಪೇಂಟ್ ಮಾಡಿಸಿ. ನಂಬರ್ ಮೇಲೆ, ಲಾಂಛನದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿಯೇ ಗಾಡಿಯನ್ನು ಪೇಂಟರ್ ಕೈಗೆ ಕೊಡಿ.