ಏಪ್ರಿಲ್‌ನಲ್ಲೇ ಬೇಸ್‌ಮೆಂಟಿಗೆ ನೀರು ಬಿಟ್ಟೆವು

ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ನಾಲ್ಕು ಆಫೀಸ್ ಬಿಲ್ಡಿಂಗ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಒಂದೊಂದಕ್ಕೂ ಒಬ್ಬ ಪ್ರಾಪರ್ಟಿ ಮ್ಯಾನೇಜರ್ ಇದ್ದಾರೆ. ಅವರನ್ನು ಮಳೆಗಾಲಕ್ಕೆ ತಯಾರು ಮಾಡುವುದು ನನ್ನ ತಲೆನೋವು. ಬೇಸಿಗೆಯಲ್ಲೇ ಬೇಸ್‌ಮೆಂಟಿಗೆ ನಾವೇ ನೀರು ಬಿಟ್ಟು ನೋಡೋಣ ಅಂದಾಗ ಒಬ್ಬ ಓನರ್, "ನಿಮಗೆ ದುಡ್ಡು ಕೊಡೋದು ನೀರು ಹೊರಗೆ ಹಾಕೋಕೆ ಕಣ್ರೀ" ಅಂದರು. ಈಗ ಮಾರ್ಚ್ ಬಂದರೆ ಸಾಕು, ಅವರೇ ಫೋನ್ ಮಾಡಿ ಡ್ರಿಲ್ ಯಾವಾಗ ಅಂತ ಕೇಳುತ್ತಾರೆ.

2022ರ ಸೆಪ್ಟೆಂಬರ್ 4, ಭಾನುವಾರ ರಾತ್ರಿ. ಬೆಳ್ಳಂದೂರು ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆಗೆ ರಸ್ತೆ ಮುಳುಗಿ, ಸಾಫ್ಟ್‌ವೇರ್‌ನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ವಾರ ಅದು. ನಮ್ಮ ಚೆಕ್‌ಲಿಸ್ಟ್‌ನಲ್ಲಿ ಅರವತ್ತು ಚಿಲ್ಲರೆ ಟಿಕ್ ಇತ್ತು, ನಾನೇ ಸಹಿ ಹಾಕಿದ್ದೆ. ಎರಡು ಪಂಪ್ ಇದ್ದವು, ಎರಡೂ ಓಡಿದವು. ನೀರು ಹೊರಗಿನ ಮೋರಿಗೆ ಹೋಯಿತು. ಆ ಮೋರಿ ಆಗಲೇ ತುಂಬಿ ರಸ್ತೆಗೆ ಬಂದಿತ್ತು. ಅದೇ ನೀರು ರ‍್ಯಾಂಪ್ ಇಳಿದು ವಾಪಸ್ ಒಳಗೆ. ಡೀಸೆಲ್ ಸುಟ್ಟುಕೊಂಡು ಒಂದೇ ನೀರನ್ನು ಮೂರು ಗಂಟೆ ಸುತ್ತಿಸಿದೆವು. ಪಂಪಿನ ಸ್ವಿಚ್ ಪ್ಯಾನಲ್ ಇದ್ದದ್ದೂ ಬೇಸ್‌ಮೆಂಟಿನ ಗೋಡೆಯಲ್ಲಿ, ಸೊಂಟದ ಎತ್ತರಕ್ಕೆ. ನೀರು ಅಲ್ಲಿಗೆ ಮುಟ್ಟಿದ ಮೇಲೆ ಪಂಪೂ ಇಲ್ಲ, ಲೈಟೂ ಇಲ್ಲ. ಕೆಳಗೆ ನಿಂತಿದ್ದ ಎರಡು ಲಿಫ್ಟ್, ಯುಪಿಎಸ್ ಬ್ಯಾಟರಿ, ಕೇಬಲ್, ಒಣಗಿಸುವ ಕೆಲಸ ಎಲ್ಲ ಸೇರಿ ಹತ್ತಿರ ಹತ್ತಿರ 38 ಲಕ್ಷ. ಇನ್ಶೂರೆನ್ಸ್‌ನಿಂದ ಬಂದದ್ದು ಅರ್ಧಕ್ಕಿಂತ ಕಮ್ಮಿ.

ಮರುವರ್ಷ ತರಬೇತಿ ಅಂತ ಮಾಡಿದೆವು. ಹೋಟೆಲ್ ಹಾಲ್, ಹೊರಗಿನಿಂದ ಬಂದ ಟ್ರೈನರ್, ನೂರಿಪ್ಪತ್ತು ಸ್ಲೈಡ್. ಊಟ ಸೇರಿ ತೊಂಬತ್ತು ಸಾವಿರ ಹೋಯಿತು. ಬಿಸಿಬೇಳೆಬಾತ್ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ತಿಂಗಳಾದ ಮೇಲೆ ಒಬ್ಬ ಮ್ಯಾನೇಜರ್‌ಗೆ ಅವರದೇ ಬಿಲ್ಡಿಂಗಿನಲ್ಲಿ ನಿಂತು, ಬೇಸ್‌ಮೆಂಟಿನ ಐಸೊಲೇಟರ್, ಅಂದರೆ ಕರೆಂಟ್ ಕಡಿಯುವ ಸ್ವಿಚ್, ತೋರಿಸಿ ಅಂದೆ. ಅವರು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರು.

ಹಾಗಾಗಿ 2024ರ ಏಪ್ರಿಲ್. ಆ ಬೇಸಿಗೆ ನೆನಪಿದೆಯಲ್ವಾ? ಬೋರ್‌ವೆಲ್ ಒಣಗಿ, ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ದಂಡ ಅಂತ ಜಲಮಂಡಳಿ ಹೇಳಿದ್ದ ಕಾಲ. ಅಂಥ ಹೊತ್ತಿನಲ್ಲಿ ನಾನು ಬೇಸ್‌ಮೆಂಟಿಗೆ ನೀರು ಸುರಿಯಲು ಹೊರಟರೆ ಟೆನೆಂಟ್‌ಗಳು ಸುಮ್ನೆ ಬಿಡುತ್ತಾರಾ? ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧೀಕರಣ ಘಟಕ) ಶುದ್ಧ ಮಾಡಿದ ನೀರು ಬಳಸಿದೆವು, ಸುಮಾರು 20 ಸಾವಿರ ಲೀಟರ್. ಮುಗಿದ ಮೇಲೆ ತೋಟಕ್ಕೆ ಬಿಟ್ಟೆವು. ಟೆನೆಂಟ್‌ಗಳಿಂದ ಶನಿವಾರ ರಾತ್ರಿ ನಾಲ್ಕು ಗಂಟೆ ಕಾಲ ಪವರ್ ಆಫ್‌ಗೆ ಒಪ್ಪಿಗೆ ಪಡೆದದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದು ನನ್ನ ಹತ್ತಿರವೇ ಇರಲಿ.

ನಿಯಮ ಎರಡೇ. ಮೊದಲನೆಯದು, ಒಂದು ಬಿಲ್ಡಿಂಗಿಗೆ ಇನ್ನೊಂದು ಬಿಲ್ಡಿಂಗಿನ ಮ್ಯಾನೇಜರ್ "ಮಳೆ" ಆಗಬೇಕು. ಎಲ್ಲಿ ನೀರು ಬಿಡಬೇಕು, ಯಾವ ಪಂಪ್ ಕೆಡಿಸಬೇಕು, ಯಾವ ಕೀ ಅಡಗಿಸಬೇಕು ಎಲ್ಲ ಅವರ ಇಷ್ಟ. ಎರಡನೆಯದು, ಆ ಬಿಲ್ಡಿಂಗಿನ ಮ್ಯಾನೇಜರ್ ಫೋನ್ ಮೊದಲ ಇಪ್ಪತ್ತು ನಿಮಿಷ ನನ್ನ ಜೇಬಿನಲ್ಲಿ. ರಾತ್ರಿ ಎರಡು ಗಂಟೆಗೆ ಅಲ್ಲಿರುವುದು ಸೆಕ್ಯುರಿಟಿ ಗಾರ್ಡ್ ಮತ್ತು ಒಬ್ಬ ಟೆಕ್ನಿಷಿಯನ್ ಮಾತ್ರ. ಕೆಲಸ ಗೊತ್ತಿರಬೇಕಾದ್ದು ಅವರಿಗೆ. ಲೈಟು, ಇವಿ ಚಾರ್ಜಿಂಗ್ ಪಾಯಿಂಟ್ ಎಲ್ಲ ಆಫ್ ಮಾಡಿಸಿ, ಪಂಪ್ ಮಾತ್ರ ಡಿಜಿ (ಡೀಸೆಲ್ ಜನರೇಟರ್) ಮೇಲೆ ಇಟ್ಟು, ನೀರು ಬಿಟ್ಟೆವು.

ಅಬ್ಬಾ, ಏನೇನು ಹೊರಬಂತು! ಒಂದು ಕಡೆ ನೀರು ಏರಿದ್ದನ್ನು ತಿಳಿಸುವ ಫ್ಲೋಟ್ ಸ್ವಿಚ್ಚನ್ನು ಒರೆಸುವ ಬಟ್ಟೆಯಿಂದ ಕಟ್ಟಿದ್ದರು, ಅಲಾರಂ ಸುಮ್ಮಸುಮ್ಮನೆ ಕೂಗುತ್ತದೆ ಅಂತ. ಇನ್ನೊಂದು ಕಡೆ ಡಿಜಿ ರೂಮಿನ ಕೀ ಹೊಸಕೋಟೆಯಲ್ಲಿ ಮಲಗಿದ್ದವನ ಪ್ಯಾಂಟಿನಲ್ಲಿತ್ತು. ಹೊರಹೋದ ನೀರು ವಾಪಸ್ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಬಿಚ್ಚಿದರೆ ಒಳಗೆ ಬಿಸ್ಕತ್ತಿನ ಕವರ್. ಪಂಪಿನದು ಇನ್ನೂ ಚಂದ. ಬ್ರೋಷರಿನಲ್ಲಿ ನಿಮಿಷಕ್ಕೆ 1,000 ಲೀಟರ್. ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು ಗಡಿಯಾರ ಹಿಡಿದು ನೋಡಿದರೆ 600 ಚಿಲ್ಲರೆ. ಸಣ್ಣ ಪೈಪು, ಅದರಲ್ಲಿ ಐದು ಎಲ್ಬೋ (ಮೂಲೆ ತಿರುವು). ಪಂಪ್ ಬದಲಿಸದೆ ಪೈಪ್ ಬದಲಿಸಿದೆವು, 40 ಸಾವಿರದೊಳಗೆ ಮುಗಿಯಿತು.

ಪ್ಯಾನಲ್‌ಗಳನ್ನು ಗ್ರೌಂಡ್ ಫ್ಲೋರಿಗೆ ತಂದೆವು. ಪಂಪಿನ ಪೈಪನ್ನು ರಸ್ತೆ ಮಟ್ಟಕ್ಕಿಂತ ಮೇಲೆತ್ತಿ ಇಳಿಸಿದೆವು. ಕೇಬಲ್ ಒಳಬರುವ ತೂತುಗಳನ್ನು ಮುಚ್ಚಲು ನಾವೇ ಒಂದು ಮಿಶ್ರಣ ಮಾಡಿಕೊಂಡಿದ್ದೇವೆ, ಅದರ ಅಳತೆ ಕೇಳಬೇಡಿ. ಆದರೆ ನಿಜವಾಗಿ ಕೆಲಸ ಮಾಡಿದ್ದು ರ‍್ಯಾಂಪಿನ ಬಾಯಿಯಲ್ಲಿ ಎಬ್ಬಿಸಿದ ಒಂಬತ್ತು ಇಂಚಿನ ದಿಬ್ಬ. ಒಂದು ಬಿಲ್ಡಿಂಗಿಗೆ 1.8 ಲಕ್ಷದ ಹಾಗೆ. ನಮ್ಮ ರ‍್ಯಾಂಪಿಗೆ ಆಕಾಶದಿಂದ ಬೀಳುವ ನೀರು ಲೆಕ್ಕಕ್ಕೇ ಇಲ್ಲ. 150 ಚದರ ಮೀಟರ್ ಜಾಗಕ್ಕೆ 50 ಮಿಲಿಮೀಟರ್ ಬಿದ್ದರೂ 7,500 ಲೀಟರ್, ಹದಿನೈದು ನಿಮಿಷದೊಳಗಿನ ಪಂಪಿಂಗ್ ಅಷ್ಟೇ. ಮುಳುಗಿಸುವುದು ರಸ್ತೆಯ ನೀರು. ದಿಬ್ಬಕ್ಕೆ ಒಂದು ಕಾರಿನ ಹೊಟ್ಟೆ ಉಜ್ಜಿ ಹನ್ನೊಂದು ಸಾವಿರ ಕಟ್ಟಿಕೊಟ್ಟೆವು. ಆಮೇಲೆ ಇಳಿಜಾರು ಉದ್ದ ಮಾಡಿದೆವು. ನಾಲ್ಕನೇ ಬಿಲ್ಡಿಂಗಿನ ಓನರ್ ಮಾತ್ರ ಅಂದ ಕೆಡುತ್ತದೆ ಅಂತ ಒಪ್ಪಲಿಲ್ಲ.

ನಡುವೆ ಒಂದು ಹುಚ್ಚಾಟ. ಮರಳು ಚೀಲ ಹೊರುವುದು ಕಷ್ಟ ಅಂತ ಮಕ್ಕಳ ಡೈಪರ್ ಒಳಗಿನ ಪುಡಿಯನ್ನು ಬಟ್ಟೆ ಚೀಲಕ್ಕೆ ತುಂಬಿ ಇಟ್ಟೆ. ಒಣಗಿದ್ದಾಗ ಹಗುರ, ನೀರು ತಾಗಿದರೆ ದಿಂಬಿನಂತೆ ಊದುತ್ತದೆ. ಎಲ್ಲರೂ ಚಪ್ಪಾಳೆ ಹೊಡೆದರು. ಬೆಳಿಗ್ಗೆ ಎರಡು ಚೀಲ ಒಡೆದು ಲೋಳೆ ಜಾಲರಿಗೆ ಮೆತ್ತಿಕೊಂಡಿತ್ತು. ಎರಡು ದಿನ ಹೌಸ್‌ಕೀಪಿಂಗ್‌ನವರು ನನ್ನ ಜೊತೆ ಮಾತಾಡಲಿಲ್ಲ. ಮತ್ತೆ ಮರಳಿಗೇ ಬಂದೆವು.

ಆ ವರ್ಷ ಅಕ್ಟೋಬರ್ 11ಕ್ಕೆ ಆಯುಧಪೂಜೆ. ನಮ್ಮ ಊರಿನ ಮೋರಿಗೆ ಬಾಳೆಕಂದು, ಒಡೆದ ಬೂದುಗುಂಬಳಕ್ಕಿಂತ ದೊಡ್ಡ ಶತ್ರು ಇಲ್ಲ. ಪೂಜೆಯ ಮರುದಿನ ಬೆಳಿಗ್ಗೆ ಹತ್ತರೊಳಗೆ ಎಲ್ಲ ಎತ್ತಿಸಿ ಫೋಟೊ ಕಳಿಸಬೇಕು ಅಂತ ಮೊದಲೇ ಹೇಳಿದ್ದೆ. ಹಬ್ಬದ ರಜೆಯಲ್ಲಿ ಜನ ಇಲ್ಲ, ಮ್ಯಾನೇಜರ್‌ಗಳು ಗೊಣಗಿಕೊಂಡೇ ಮಾಡಿಸಿದರು. ಮಂಗಳವಾರ, 15ರಿಂದ ಮಳೆ ಹಿಡಿಯಿತು.

ಒಂದು ರಾತ್ರಿ ರಸ್ತೆಯಲ್ಲಿ ನೀರು ದಿಬ್ಬದ ತುದಿಗೆ ಎರಡು ಇಂಚು ಬಾಕಿ ಇರುವಷ್ಟು ಬಂತು. ಒಂದು ಪಂಪ್ ಸ್ಟಾರ್ಟ್ ಆಗಲಿಲ್ಲ. ಗಾರ್ಡ್ ಲಿಫ್ಟ್‌ಗಳನ್ನು ಮೇಲಿನ ಫ್ಲೋರಿಗೆ ಕಳಿಸಿ ಆಫ್ ಮಾಡಿ, ಟೆಕ್ನಿಷಿಯನ್‌ನನ್ನು ಸ್ಟ್ಯಾಂಡ್‌ಬೈ ಪಂಪಿಗೆ ಕಳಿಸಿ, ಆಮೇಲೆ ಮ್ಯಾನೇಜರ್‌ಗೆ ಫೋನ್ ಮಾಡಿದ. ಮ್ಯಾನೇಜರ್ ಎದ್ದು ಬರುವಷ್ಟರಲ್ಲಿ ಇವರಿಬ್ಬರೂ ಟೀ ಕಾಯಿಸುತ್ತಿದ್ದರಂತೆ. ಮೂರು ಬೇಸ್‌ಮೆಂಟ್ ಒಣಗಿದ್ದವು. ದಿಬ್ಬ ಬೇಡ ಅಂದ ನಾಲ್ಕನೆಯದರಲ್ಲಿ ಮೂರು ಇಂಚು ನಿಂತಿತು. ಪ್ಯಾನಲ್ ಮೇಲಿದ್ದದ್ದರಿಂದ ಬೆಳಗ್ಗೆ ಎಂಟರೊಳಗೆ ಖಾಲಿ ಮಾಡಿದೆವು. ನಾಲ್ಕೂ ಬಿಲ್ಡಿಂಗಿಗೆ ಆ ವರ್ಷ ಒಟ್ಟು ಖರ್ಚು 9 ಲಕ್ಷದ ಒಳಗೆ.

ನಾಲ್ಕನೇ ಓನರ್ ನವೆಂಬರ್‌ನಲ್ಲಿ ದಿಬ್ಬಕ್ಕೆ ಕೊಟೇಶನ್ ಕೇಳಿದರು. ಸಿಮೆಂಟ್ ರೇಟ್ ಏರಿದೆ ಅಂತ ಹೇಳಿ ಎರಡು ಲಕ್ಷಕ್ಕೆ ಮಾಡಿಸಿದೆ.