ಐವತ್ತು ದಿನ ಬಿಟ್ಟು ಕಟ್ಟಿದ ಪಟ್ಟಿ: ನನ್ನ ಅನುಭವ

"ಜುಲೈ 1ಕ್ಕೆ ಎಲ್ಲರ ಪಟ್ಟಿಯೂ ಬಂದುಬಿಟ್ಟಿರುತ್ತೆ. ನೀವು ಹಾಸನದಲ್ಲಿ ಕೂತು ಆಗಸ್ಟ್‌ನಲ್ಲಿ ತಂದರೆ ಯಾರು ಮೂಸಿ ನೋಡ್ತಾರೆ?" 2024ರ ಮೊದಲ ಅರ್ಧದ ನನ್ನ ಮೆಚ್ಚಿನ ಸಿನಿಮಾ ಮತ್ತು ಸಂಗೀತದ ಪಟ್ಟಿ ಬಗ್ಗೆ ಬೆಂಗಳೂರಿನ ವಿಮರ್ಶಕ ಮಿತ್ರರು ಕೇಳಿದ್ದು ಇದನ್ನೇ. ನಾನು ಅಂಕಣ ಬರೆಯುವ ಪತ್ರಿಕೆಯವರೂ ಇದೇ ಮಾತು ಹೇಳಿ ಜಾಗ ಕೊಡಲಿಲ್ಲ. ಕೊನೆಗೆ ಸ್ವಂತ ದುಡ್ಡು ಹಾಕಿ ಹದಿನಾರು ಪುಟದ ಕಿರುಹೊತ್ತಿಗೆ ಮಾಡಿಸಿದೆ. ಆಗಸ್ಟ್ ಎರಡನೇ ವಾರ ಪ್ರೆಸ್ಸಿನಿಂದ ಬಂತು, ಗಣೇಶನ ಹಬ್ಬದ ಹೊತ್ತಿಗೆ 500 ಪ್ರತಿಯೂ ಖಾಲಿ. ಈಗ ಅದೇ ಮಿತ್ರರು ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ.

ಈ ದಾರಿ ಹಿಡಿಯುವ ಮೊದಲು ಬೇರೆ ದಾರಿಗಳನ್ನೆಲ್ಲ ನೋಡಿ ಆಗಿತ್ತು. ನಕ್ಷತ್ರ ಕೊಟ್ಟು ಕೂಡಿಸಿದಾಗ ವರ್ಷದ ಕೊನೆಗೆ ಮೂರೂವರೆ ನಕ್ಷತ್ರದ ಚಿತ್ರಗಳೇ ಇಪ್ಪತ್ತು-ಮೂವತ್ತು ಸಾಲಾಗಿ ನಿಂತವು, ಅರ್ಧಕ್ಕರ್ಧ ಚಿತ್ರಗಳ ಕಥೆ ಕೇಳಿದರೆ ಹೇಳಲು ಬಾಯಿ ಬರುತ್ತಿರಲಿಲ್ಲ. ಒಂದೇ ವಾರದಲ್ಲಿ ಎರಡೆರಡು ಸಲ ನೋಡುವ ಪ್ರಯೋಗ ಮಾಡಿದೆ, ಟಿಕೆಟ್ ದುಡ್ಡು ದುಪ್ಪಟ್ಟಾಯಿತೇ ಹೊರತು ತೀರ್ಪು ಒಂದಿಂಚೂ ಅಲುಗಲಿಲ್ಲ. ಹಾಲ್‌ನಿಂದ ಹೊರಗೆ ಬರುವವರನ್ನು ನಿಲ್ಲಿಸಿ ಕೇಳಿದೆ. "ಚೆನ್ನಾಗೈತೆ ಸಾರ್, ಒಂದ್ಸಲ ನೋಡ್ಬೋದು" ಅನ್ನುವುದರ ಆಚೆಗೆ ಯಾರೂ ಹೋಗಲಿಲ್ಲ. ಮೊಬೈಲ್‌ನಲ್ಲಿ ಮಾತು ರೆಕಾರ್ಡ್ ಮಾಡಿಟ್ಟುಕೊಂಡೆ, ಕೇಳಿದರೆ ಬರೀ ಬಸ್ಸಿನ ಗಲಾಟೆ.

ಈಗಿನ ವಿಧಾನ ಇಷ್ಟು. ಸಿನಿಮಾ ನೋಡಿದ ರಾತ್ರಿಯೇ ಅಂಚೆ ಕಾರ್ಡಿನಷ್ಟು ದೊಡ್ಡ ಚೀಟಿಯ ಮೇಲೆ ಕಂಡದ್ದು, ಕೇಳಿದ್ದು ಮಾತ್ರ ಬರೆಯುತ್ತೇನೆ. ಕಥೆ ಬರೆಯುವ ಹಾಗಿಲ್ಲ, ಅಭಿಪ್ರಾಯ ಬರೆಯುವ ಹಾಗಿಲ್ಲ, ಹಿಂಬದಿಗೆ ಹೋಗುವ ಹಾಗಿಲ್ಲ. ಅದನ್ನು ಲಕೋಟೆಗೆ ಹಾಕಿ, ಅಂಟಿಸಿ, ಮೇಲೆ ತಾರೀಕು ಬರೆದು ಬೀರುವಿಗೆ ಹಾಕುತ್ತೇನೆ. ಸುಮಾರು ಐವತ್ತು ದಿನ ಅದರ ಟ್ರೇಲರ್ ಇಲ್ಲ, ಬೇರೆಯವರ ವಿಮರ್ಶೆ ಇಲ್ಲ, ಓಟಿಟಿಗೆ ಬಂದರೂ ಮುಟ್ಟುವುದಿಲ್ಲ. ಆಮೇಲೆ ಲಕೋಟೆ ಒಡೆಯದೆ ಅಷ್ಟೇ ದೊಡ್ಡ ಇನ್ನೊಂದು ಚೀಟಿ ಬರೆಯುತ್ತೇನೆ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಡುವುದು.

ಮಿತ್ರರೆಲ್ಲ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಮೊದಲ ಚೀಟಿಯಲ್ಲಿದ್ದದ್ದು ಎಷ್ಟು ಉಳಿದಿದೆ ಅಂತ ಎಣಿಸಲು ಹೋಗುತ್ತಾರೆ. ಗಟ್ಟಿಯಾದ ಒಂದು ಫೈಟ್ ಕೂಡ ಐವತ್ತು ದಿನ ಉಳಿಯುತ್ತೆ. ಎರಡನೇ ಚೀಟಿಯಲ್ಲಿ, ಮೊದಲನೆಯದರಲ್ಲಿ ಇಲ್ಲದ್ದು ಏನು ಬಂದಿದೆ ಅಂತ ನೋಡಬೇಕು. ಹೊಸದು ಬಂದಿದ್ದರೆ ಆ ಚಿತ್ರ ನನಗೆ ತಿಳಿಯದ ಹಾಗೆ ಒಳಗೆ ಬೆಳೆಯುತ್ತಿತ್ತು ಅಂತ ಅರ್ಥ. ಅಂಥದ್ದು ಮಾತ್ರ ಪಟ್ಟಿಗೆ.

ಐವತ್ತೇ ಯಾಕೆ ಅಂದರೆ, ಮೂವತ್ತಕ್ಕೆ ಬರೆದಾಗ ಎರಡು ಚೀಟಿಯೂ ಹೆಚ್ಚುಕಡಿಮೆ ಒಂದೇ ಆಗುತ್ತಿದ್ದವು. ನೂರಕ್ಕೆ ಹೋದರೆ ಎಲ್ಲವೂ ಮಸುಕು. ಸಕಲೇಶಪುರದ ಕಡೆ ತೋಟ ಇರುವ ಸ್ನೇಹಿತರಿಗೆ ಹೇಳಿದಾಗ, "ಕುಯ್ದ ದಿನವೇ ಹಣ್ಣು ಬಾಯಿಗೆ ಹಾಕ್ಕೊಂಡು ಕಾಫಿ ರುಚಿ ಹೇಳೋಕಾಗುತ್ತಾ ಮಾರಾಯ್ರೆ, ಕಣದಲ್ಲಿ ಒಣಗಬೇಡ್ವಾ" ಅಂದರು. ನನ್ನ ವಿಧಾನವನ್ನು ಮೊದಲ ಮಾತಿಗೇ ಒಪ್ಪಿದವರು ಅವರೊಬ್ಬರೇ. ಎರಡನೇ ಚೀಟಿಗೆ ಕೂರುವ ಮುಂಚೆ ಹತ್ತು ನಿಮಿಷದ ಒಂದು ಸಣ್ಣ ಕೆಲಸ ಮಾಡುತ್ತೇನೆ. ಅದಿಲ್ಲದೆ ಕೂತರೆ ಚೀಟಿ ಅರ್ಧವೂ ತುಂಬುವುದಿಲ್ಲ. ಅದೇನು ಅಂತ ಇಲ್ಲಿ ಹೇಳುವುದಿಲ್ಲ, ವರ್ಷದ ಪಟ್ಟಿಯನ್ನು ನಾನೂ ಮಾರಬೇಕು.

ಈ ವಿಧಾನದ ಬಲ ನನಗೇ ಗೊತ್ತಾದದ್ದು ಮಮ್ಮೂಟ್ಟಿಯವರ 'ಭ್ರಮಯುಗಂ' ಚೀಟಿಯಲ್ಲಿ. ಫೆಬ್ರವರಿ 15ಕ್ಕೆ ಬಿಡುಗಡೆಯಾದ ಮಲಯಾಳಂ ಚಿತ್ರ, ರಾಹುಲ್ ಸದಾಶಿವನ್ ನಿರ್ದೇಶನ. ಮೈಸೂರಿಗೆ ಹೋಗಿ ನೋಡಿದ್ದೆ. ಮೊದಲ ಚೀಟಿಯಲ್ಲಿ ಮಳೆ, ಪಾಳುಬಿದ್ದ ಮನೆ, ಮಮ್ಮೂಟ್ಟಿ ನಗು, ಹೀಗೆ ಯಾರು ಬೇಕಾದರೂ ಬರೆಯುವಂಥದ್ದೇ ಇತ್ತು. ಎರಡನೆಯದರಲ್ಲಿ "ಗೋಡೆ ಮೇಲೆ ಹಸಿರು ಪಾಚಿ, ಮುಟ್ಟಿದರೆ ಕೈಗೆ ಅಂಟುವ ಹಾಗೆ" ಅಂತ ಬರೆದಿದ್ದೇನೆ. ಆ ಚಿತ್ರ ಪೂರ್ತಿ ಕಪ್ಪು-ಬಿಳುಪು! ಪರದೆಯ ಮೇಲೆ ಒಂದು ಚುಕ್ಕೆ ಹಸಿರಿಲ್ಲ. ಐವತ್ತು ದಿನದಲ್ಲಿ ನನ್ನ ತಲೆಯೇ ಆ ಮನೆಗೆ ಮಲೆನಾಡಿನ ಮಳೆಗಾಲದ ಬಣ್ಣ ಹಚ್ಚಿಬಿಟ್ಟಿದೆ. ನೋಡುವವನಿಂದ ಇಷ್ಟು ಕೆಲಸ ತೆಗೆಯುವ ಚಿತ್ರಕ್ಕೆ ಮೊದಲ ಸ್ಥಾನ ಕೊಡಲು ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ.

ಕನ್ನಡದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು 'ಶಿವಮ್ಮ'. ಜೈಶಂಕರ್ ಆರ್ಯರ್ ನಿರ್ದೇಶಿಸಿದ್ದು, ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಕಥೆ. 2022ರಲ್ಲೇ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ತಂದ ಚಿತ್ರ, ಥಿಯೇಟರಿಗೆ ಬಂದದ್ದು 2024ರ ಜೂನ್ 14ಕ್ಕೆ. ನನ್ನ ಲೆಕ್ಕಕ್ಕೆ ಥಿಯೇಟರಿಗೆ ಬಂದ ತಾರೀಕೇ ಚಿತ್ರದ ವರ್ಷ, ಉತ್ಸವದ ತಾರೀಕು ಸಾಮಾನ್ಯ ಪ್ರೇಕ್ಷಕನಿಗೆ ಏನೂ ಕೊಡುವುದಿಲ್ಲ. ಮಗಳ ಮದುವೆಗೆ ಕೂಡಿಟ್ಟ ದುಡ್ಡನ್ನು, ಪುಡಿ ಡಬ್ಬ ಮಾರುತ್ತ ಒಬ್ಬರಿಂದ ಒಬ್ಬರನ್ನು ಸೇರಿಸಿಕೊಳ್ಳುವ ಚೈನ್ ವ್ಯಾಪಾರಕ್ಕೆ ಸುರಿಯುವ ಹೆಂಗಸಾಗಿ ಶರಣಮ್ಮ ಚಟ್ಟಿ ಇದ್ದಾರೆ, ನಟನೆಯನ್ನು ಕಸುಬು ಮಾಡಿಕೊಂಡವರಲ್ಲ. ಮೊದಲ ಚೀಟಿಯಲ್ಲಿ ಅವರನ್ನು ಕಂಡು ಬಂದ ಸಿಟ್ಟು ಪದಪದದಲ್ಲೂ ಕಾಣುತ್ತೆ. ಎರಡನೆಯದರಲ್ಲಿ ಸಿಟ್ಟಿಲ್ಲ. "ಈಯಮ್ಮನ ನಡಿಗೆ ನಮ್ಮ ಚಿಕ್ಕಮ್ಮನದು" ಅಂತಿದೆ. ನಮ್ಮ ಚಿಕ್ಕಮ್ಮ ಚನ್ನರಾಯಪಟ್ಟಣದಲ್ಲಿ ಹೀಗೇ ಪುಡಿ ಡಬ್ಬ ಹಿಡಿದುಕೊಂಡು ಮನೆಮನೆ ಸುತ್ತಿದವರು. ಸಿನಿಮಾ ನೋಡಿದ ರಾತ್ರಿ ಅವರ ನೆನಪೇ ಆಗಿರಲಿಲ್ಲ.

ಉತ್ಸವ್ ಗೋನವಾರ ಅವರ 'ಫೋಟೋ' ಎರಡನೇ ಚೀಟಿಯಲ್ಲಿ ಪೂರ್ತಿ ಸದ್ದಾಗಿಬಿಟ್ಟಿತ್ತು, ಬರೀ ಕಾಲಿನ ಸದ್ದು. 2020ರ ಲಾಕ್‌ಡೌನ್‌ನಲ್ಲಿ ಅಪ್ಪ-ಮಗ ಬೆಂಗಳೂರಿನಿಂದ ಊರಿಗೆ ನಡೆಯುವ ಕಥೆ, ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು ಅನ್ನುವ ಹುಡುಗನ ಆಸೆ. 'ಶಾಖಾಹಾರಿ'ಯನ್ನು ಶಿವಮೊಗ್ಗದಲ್ಲಿ ನೋಡಿದೆ, ಆ ಕಡೆಯ ಚಿತ್ರವನ್ನು ಆ ಕಡೆಯ ಜನರ ಜೊತೆ ಕೂತು ನೋಡಬೇಕು ಅಂತ. ಕೊಲೆ, ಪೊಲೀಸು, ತನಿಖೆ ಎಲ್ಲ ಎರಡನೇ ಚೀಟಿಯಿಂದ ಮಾಯ. ಹೋಟೆಲಿನ ಒಲೆ ಮುಂದೆ ರಂಗಾಯಣ ರಘು ಅವರ ಬೆನ್ನು ಮಾತ್ರ ಬಂದಿತ್ತು, ಮುಖ ಕೂಡ ಇಲ್ಲ. ಕಾಲದಲ್ಲಿ ಹಿಂದೆಮುಂದೆ ಓಡಾಡುವ ಕಥೆಯ 'ಬ್ಲಿಂಕ್'ನ ಮೊದಲ ಚೀಟಿಯಲ್ಲಿ ಕಾಲದ ಗೆರೆ, ಬಾಣ, ಅಂಕಿ ತುಂಬಿಹೋಗಿತ್ತು, ಎರಡನೆಯದರಲ್ಲಿ ತಾಯಿ-ಮಗ ಇಬ್ಬರೇ. ಅದೂ ಪಟ್ಟಿಗೆ ಬಂತು. ದೊಡ್ಡ ಹೀರೋಗಳ ಎರಡು ಚಿತ್ರ ಮೊದಲ ರಾತ್ರಿ ಭಾರಿ ಕಂಡಿದ್ದವು, ಐವತ್ತು ದಿನದ ಮೇಲೆ ಚೀಟಿ ಹಿಡಿದು ಅರ್ಧ ಗಂಟೆ ಕೂತರೂ ಎರಡು ಸಾಲಿಗಿಂತ ಹೆಚ್ಚು ಬರಲಿಲ್ಲ. ಹೆಸರು ಬೇಡ.

ಸಂಗೀತಕ್ಕೆ ಈ ಚೀಟಿ ನಡೆಯುವುದಿಲ್ಲ. ಹಾಡು ದಿನಕ್ಕೆ ಹತ್ತು ಕಡೆ ಕಿವಿಗೆ ಬೀಳುತ್ತೆ, ಐವತ್ತು ದಿನ ದೂರ ಇಡಲು ಆಗದು. ಅದಕ್ಕೆ ಬೇರೆ ಏರ್ಪಾಡು ಮಾಡಿದೆ. ಪಿಯುಸಿ ಓದುವ ತಂಗಿ ಮಗಳು ಹಾಡುಗಳನ್ನು ಹೆಸರಿಲ್ಲದೆ ಬರೀ ನಂಬರ್ ಹಾಕಿ ನನ್ನ ಫೋನಿಗೆ ತುಂಬುತ್ತಾಳೆ. ವಿಡಿಯೋ ನೋಡಬಾರದು ಅನ್ನುವುದು ಕರಾರು. ವಾರಕ್ಕೊಮ್ಮೆ ಬೇಲೂರು ಮೇಲೆ ಚಿಕ್ಕಮಗಳೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕೇಳುವುದು, ವಾಪಸ್ ಬರುವಾಗ ಏನೂ ಕೇಳದೆ ಕೂರುವುದು. ಮನೆ ತಲುಪುವ ಹೊತ್ತಿಗೆ ಬಾಯಲ್ಲಿ ಯಾವುದು ಉಳಿದಿದೆ ಅಂತ ಅವಳಿಗೆ ಹಾಡಿ ತೋರಿಸುತ್ತೇನೆ, ಅವಳು ನಂಬರ್ ಬರೆದುಕೊಳ್ಳುತ್ತಾಳೆ. "ಮಾಮ, ಹದಿನಾಲ್ಕನೇದು ಯಾರ್ದು ಗೊತ್ತಾಯ್ತಾ?" ಅಂತ ಕೆಣಕುತ್ತಾಳೆ. ರೆಹಮಾನ್ ಮಾತ್ರ ಎರಡು ಸಾಲಿಗೇ ಸಿಕ್ಕಿಬೀಳುತ್ತಾರೆ. ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ 'ಅಮರ್ ಸಿಂಗ್ ಚಮ್ಕೀಲಾ'ದ ಹಾಡುಗಳಲ್ಲಿ 'ವಿದಾ ಕರೋ' ತಿಂಗಳುಗಟ್ಟಲೆ ಬಾಯಿಂದ ಇಳಿಯಲಿಲ್ಲ. ಇರ್ಷಾದ್ ಕಾಮಿಲ್ ಬರೆದದ್ದು ಪೂರ್ತಿ ಅರ್ಥವಾಗುವಷ್ಟು ಹಿಂದಿ ನನಗೆ ಬರುವುದಿಲ್ಲ, ಆದರೂ ಇಳಿಯಲಿಲ್ಲ. 'ಕರಟಕ ದಮನಕ'ದ 'ಹಿತ್ತಲಕ ಕರಿಬ್ಯಾಡ ಮಾವ' ಬಗ್ಗೆ ಮಿತ್ರರು ಜಗಳಕ್ಕೇ ಬಂದರು, ಮದುವೆ ಮನೆ ಹಾಡು ವಿಮರ್ಶಕನ ಪಟ್ಟಿಗೆ ಯಾಕೆ ಅಂತ. ಕುಣಿತ ನೋಡದೆ ಬರೀ ಕಿವಿಯಲ್ಲಿ ಕೇಳಿದರೆ ಹರಿಕೃಷ್ಣ ಅದರಲ್ಲಿ ತಾಳ ಕಟ್ಟಿರುವ ರೀತಿ ಎಷ್ಟು ಚೊಕ್ಕ ಅಂತ ಗೊತ್ತಾಗುತ್ತೆ. ಚಿತ್ರ ಪಟ್ಟಿಗೆ ಬರಲಿಲ್ಲ, ಹಾಡು ಬಂತು.

ಮಲಯಾಳಂನ 'ಮಂಜುಮ್ಮೆಲ್ ಬಾಯ್ಸ್'ನಲ್ಲಿ ತಕರಾರು ಬೇರೆ. ಎಲ್ಲರೂ ಹೊಗಳಿದ ಹಾಡು 1991ರ ತಮಿಳು 'ಗುಣಾ' ಚಿತ್ರದ್ದು, ಇಳಯರಾಜ ಅವರದು. ಅದನ್ನು 2024ರ ಸಂಗೀತದಲ್ಲಿ ಸೇರಿಸಲಾರೆ. ಆದರೆ ಸುಶಿನ್ ಶ್ಯಾಮ್ ಅವರ ಹಿನ್ನೆಲೆ ಸಂಗೀತ ಹೇಗಿದೆ ಅಂತ ತಿಳಿಯಲು ಒಂದು ಪ್ರಯೋಗ ಮಾಡಿದೆ. ಚಿತ್ರ ಒಮ್ಮೆ ನೋಡಿಯಾದ ಮೇಲೆ ಇನ್ನೊಂದು ಟಿಕೆಟ್ ತಗೊಂಡು, ಗೇಟ್‌ನವರನ್ನು ಕೇಳಿಕೊಂಡು, ಇಂಟರ್ವಲ್ ಆದ ಮೇಲೆ ಬಾಲ್ಕನಿ ಬಾಗಿಲ ಹೊರಗೆ ಸ್ಟೂಲ್ ಹಾಕಿಕೊಂಡು ಕೂತೆ. ಮುಚ್ಚಿದ ಬಾಗಿಲಿನಿಂದ ಮಾತು ಕೇಳುವುದಿಲ್ಲ, ತಗ್ಗಿನ ಸದ್ದು ಮಾತ್ರ ಮರದ ಚೌಕಟ್ಟಿನ ಮೂಲಕ ಬೆನ್ನಿಗೆ ತಾಗುತ್ತೆ. ಸುಮಾರು ಚಿತ್ರಗಳಲ್ಲಿ ಅದು ಒಂದೇ ಸಮನೆ ಗುಡುಗುತ್ತಲೇ ಇರುತ್ತೆ. ಇಲ್ಲಿ ಗುಹೆಯ ಭಾಗ ಬಂದಾಗ ಆ ಗುಡುಗು ಎಷ್ಟು ಸಲ ನಿಂತಿತು ಅಂದರೆ, ಒಳಗೆ ಯಾರೋ ಕೆಮ್ಮಿದ್ದು ಹೊರಗೆ ಕೂತ ನನಗೆ ಕೇಳಿಸಿತು. ಎಲ್ಲಿ ಸುಮ್ಮನಿರಬೇಕು ಅಂತ ಬಲ್ಲ ಸಂಗೀತ ನಿರ್ದೇಶಕ. ಈ ಬಾಗಿಲ ಪ್ರಯೋಗವನ್ನು ಎಲ್ಲರೂ ಮಾಡಿ ನೋಡಿ. ಆದರೆ ಹಾಲ್ ಆರಿಸಿಕೊಳ್ಳಿ. ಒಂದು ಕಡೆ ಎಡಗಡೆಯ ಸ್ಪೀಕರುಗಳೆಲ್ಲ ತಿಂಗಳುಗಟ್ಟಲೆ ಸತ್ತುಬಿದ್ದಿದ್ದವು. ಹೇಳಿದರೆ "ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ" ಅಂದರು. ಅಲ್ಲಿ ನೋಡಿದ ಮೂರ್ನಾಲ್ಕು ಚಿತ್ರಗಳ ಚೀಟಿಯನ್ನೇ ಹರಿದು ಹಾಕಿ, ಮೈಸೂರಿಗೆ ಹೋಗಿ ಮತ್ತೆ ನೋಡಬೇಕಾಯಿತು.

ಜೂನ್ 11ರಂದು ಸರೋದ್ ವಾದಕ ರಾಜೀವ್ ತಾರಾನಾಥರು ಮೈಸೂರಿನಲ್ಲಿ ತೀರಿಕೊಂಡರು, 91 ವರ್ಷ. ಎರಡು ವಾರ ಎರಡನೇ ಚೀಟಿಗಳ ಕೆಲಸ ನಿಂತೇಹೋಯಿತು. ಅಲಿ ಅಕ್ಬರ್ ಖಾನರ ಈ ಶಿಷ್ಯರ ಸರೋದ್ ಬಿಟ್ಟು ಬೇರೇನೂ ಕೇಳಲು ಮನಸ್ಸಾಗಲಿಲ್ಲ. 1970ರ 'ಸಂಸ್ಕಾರ'ಕ್ಕೆ ಸಂಗೀತ ಕೊಟ್ಟವರು ಅವರು. ಅದರ ಚಿತ್ರೀಕರಣ ನಡೆದದ್ದು ನಮ್ಮ ಪಕ್ಕದ ಜಿಲ್ಲೆಯಲ್ಲಿ, ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ಒಂದು ಭಾನುವಾರ ಅಲ್ಲಿಗೇ ಹೋಗಿ ನದಿ ದಂಡೆಯಲ್ಲಿ ಕೂತು ಚಿತ್ರದ ಧ್ವನಿಯನ್ನಷ್ಟೇ ಇಯರ್‌ಫೋನ್‌ನಲ್ಲಿ ಕೇಳಿ ಬಂದೆ. ಪಟ್ಟಿಗೂ ಇದಕ್ಕೂ ಸಂಬಂಧವಿಲ್ಲ ಅಂದುಕೊಂಡಿದ್ದೆ. ಬಂದು ನೋಡಿದರೆ ಅದೇ ವಾರ ಬರೆದ ಎರಡನೇ ಚೀಟಿಗಳಲ್ಲಿ ಸಂಗೀತದ ಸಾಲುಗಳು ಹಿಂದಿಗಿಂತ ಹೆಚ್ಚಾಗಿದ್ದವು, ಹೆಚ್ಚು ಖಚಿತವೂ ಆಗಿದ್ದವು. ಅದಕ್ಕೇ ಹೊತ್ತಿಗೆಯ ಕೊನೆಯ ಎರಡು ಪುಟ ಹಳೆಯ ಸಂಗೀತಕ್ಕೆ ಬಿಟ್ಟೆ: ರಾಜೀವ್ ತಾರಾನಾಥರಿಗೆ ಒಂದು, 2024ರ ಏಪ್ರಿಲ್ 8ಕ್ಕೆ ಹುಟ್ಟಿ ನೂರು ವರ್ಷವಾದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರಿಗೆ ಒಂದು. ಓದುಗರಿಂದ ಹೆಚ್ಚು ಪತ್ರ ಬಂದದ್ದು ಈ ಎರಡು ಪುಟಕ್ಕೆ.

ಇನ್ನು ದುಡ್ಡು. ಆರು ತಿಂಗಳಲ್ಲಿ ಟಿಕೆಟ್‌ಗೆ ಹತ್ತು ಸಾವಿರದ ಮೇಲೆ ಹೋಗಿದೆ. ಬಸ್ಸಿಗೆ ಆರೇಳು ಸಾವಿರ. ಶಕ್ತಿ ಯೋಜನೆಯಿಂದ ಮನೆಯವಳಿಗೆ ಬಸ್ ಚಾರ್ಜ್ ಇಲ್ಲ, ಮೈಸೂರಿಗೆ ಇಬ್ಬರೂ ಹೋಗುತ್ತಿದ್ದೆವು, ಅವಳ ಕಿವಿ ನನ್ನದಕ್ಕಿಂತ ಚುರುಕು. ಓಟಿಟಿಗಳಿಗೆ ಎರಡು ಸಾವಿರ ಇರಬಹುದು. ಹೊತ್ತಿಗೆಗೆ ಪ್ರೆಸ್ಸಿನವರು 9,000 ಚಿಲ್ಲರೆ ತಗೊಂಡರು. ಮೊದಲ ಕಂತಿನ ನೂರಿನ್ನೂರು ಪ್ರತಿಗಳಲ್ಲಿ ಪುಟ ಹಿಂದುಮುಂದಾಗಿ, ಮತ್ತೆ ಹೊಡೆದುಕೊಡಲು ಎರಡು ವಾರ ಸತಾಯಿಸಿದರು. ಬೆಲೆ 30 ರೂಪಾಯಿ ಇಟ್ಟಿದ್ದೆ. ಅಂಗಡಿ ಕಮಿಷನ್, ಅಂಚೆ ಕಳೆದು ಕೈಗೆ ಬಂದದ್ದು 11-12 ಸಾವಿರ. ಪ್ರೆಸ್ಸಿನ ಖರ್ಚು ದಾಟಿ ಬಂತು, ನೋಡಿದ್ದರ ಖರ್ಚು ಹುಟ್ಟಲಿಲ್ಲ. ಆದರೆ ಇದುವರೆಗೆ ಪಟ್ಟಿ ಬರೆದು ನಾನು ಒಂದು ರೂಪಾಯಿಯನ್ನೂ ಕಂಡವನಲ್ಲ.

ತಡವಾದದ್ದೇ ಅನುಕೂಲವಾಯಿತು. ಜುಲೈನಲ್ಲಿ ಪಟ್ಟಿ ಕೊಟ್ಟಿದ್ದರೆ ಜೂನ್‌ನ ಚಿತ್ರಗಳಿಗೆ ಮೊದಲ ವಾರದ ಬಿಸಿಯೇ ಇರುತ್ತಿತ್ತು, 'ಶಿವಮ್ಮ' ನನ್ನಲ್ಲಿ ಐದನೆಯದೋ ಆರನೆಯದೋ ಆಗಿರುತ್ತಿತ್ತು. ಜೊತೆಗೆ ಆಗಸ್ಟ್ ಹೊತ್ತಿಗೆ ಪಟ್ಟಿಯ ಸುಮಾರು ಚಿತ್ರಗಳು ಓಟಿಟಿಯಲ್ಲಿದ್ದವು. ಓದಿದವರು ಅವತ್ತೇ ರಾತ್ರಿ ಹಾಕಿಕೊಂಡು ನೋಡಿದರು. ಅರಸೀಕೆರೆಯ ಮೇಷ್ಟ್ರೊಬ್ಬರು ಪಟ್ಟಿಯ ಅಷ್ಟನ್ನೂ ನೋಡಿ, ಎರಡು ಚಿತ್ರಕ್ಕೆ ತಮ್ಮದೇ ಎರಡನೇ ಚೀಟಿ ಬರೆದು ಕಳಿಸಿದ್ದಾರೆ. ಅದರಲ್ಲೊಂದು ನನ್ನದಕ್ಕಿಂತ ಚೆನ್ನಾಗಿದೆ.

ಜೂನ್ 21ಕ್ಕೆ ಬಂದ ಮಲಯಾಳಂ ಚಿತ್ರ 'ಉಳ್ಳೊಳುಕ್ಕು' ಯಾಕಿಲ್ಲ ಅಂತ ತುಂಬ ಜನ ಕೇಳಿದ್ದಾರೆ. ಹೊತ್ತಿಗೆ ಅಚ್ಚಿಗೆ ಹೋದಾಗ ಅದರ ಐವತ್ತು ದಿನ ತುಂಬಿರಲಿಲ್ಲ. ಈಗ ಎರಡನೇ ಚೀಟಿ ಬರೆದಾಗಿದೆ, ಅದರ ನಟಿ ಊರ್ವಶಿ ಅವರ ಬಗ್ಗೆ ಅದರಲ್ಲಿ ಏನು ಬಂದಿದೆ ಅನ್ನುವುದು ವರ್ಷದ ಪಟ್ಟಿಯಲ್ಲಿ. ಜಾಗ ಕೊಡದ ಪತ್ರಿಕೆಯವರೇ ಆ ಪಟ್ಟಿಯನ್ನು ಡಿಸೆಂಬರ್ 31ರ ಸಂಚಿಕೆಗೆ ಕೇಳಿದರು. ಫೆಬ್ರವರಿ ಕೊನೆಗೆ ಕೊಡುತ್ತೇನೆ ಅಂದೆ. ಎರಡು ದಿನ ಬಿಟ್ಟು ಫೋನ್ ಮಾಡಿ, ಆಗಲಿ ಅಂದಿದ್ದಾರೆ. ಅದರ ಕಿರುಹೊತ್ತಿಗೆಯೂ ಬೇರೆಯಾಗಿ ಬರುತ್ತೆ, 24 ಪುಟ, 40 ರೂಪಾಯಿ. ಈ ಸಲ ಪ್ರೆಸ್ ಬೇರೆ.